ಕಾರ್ಖಾನೆ ಕಿವಿ

ಫೆಬ್ರವರಿ ೬

ಮಗಳೇ,

ಒಂದೇ ಸೂರಿನ ಕೆಳಗಿದ್ದುಕೊಂಡು ಕಾಗದ ಬರೀತಾನಲ್ಲ, ಮಾವನಿಗೆ ಅರಳುಮರುಳು ಹಿಡೀತು ಅಂತ ನಗಬೇಡ. ನಗಬೇಕು ಅನಿಸಿದರೆ ನಗು, ಹೇಗೂ ನನಗೆ ಕೇಳಿಸೋದಿಲ್ಲ. ಬೆಳಿಗ್ಗೆ ನೀನು ಒಂದು ಕೈಯಲ್ಲಿ ಚಹಾ, ಇನ್ನೊಂದು ಕೈಯಲ್ಲಿ ಚಪ್ಪಲಿ ಹಿಡಿದು ಓಡ್ತೀಯ. ಸಂಜೆ ಬರುವಾಗ ನಿನ್ನ ಗಂಟಲು ತೂತು ಬಿದ್ದ ಚೀಲ. ದಿನವಿಡೀ ಫೋನಿನಲ್ಲಿ ಊರವರ ಕೆಟ್ಟ ಫ್ರಿಜ್ಜುಗಳಿಗೆ ಸಮಾಧಾನ ಹೇಳಿ ಬಂದವಳಿಗೆ, ಮನೆಯಲ್ಲೂ ಒಬ್ಬ ಕಿವುಡನ ಮುಂದೆ ಕಿರುಚಿಕೋ ಅನ್ನೋದು ಯಾವ ನ್ಯಾಯ? ಅದಕ್ಕೇ ಈ ಕಾಗದ. ಸಕ್ಕರೆ ಡಬ್ಬದ ಕೆಳಗೆ ಇಡ್ತೀನಿ. ಇರುವೆಗಿಂತ ಮೊದಲು ನೀನು ನೋಡಿದರೆ ಸಾಕು.

ಮೊನ್ನೆಯದು ಹೇಳಬೇಕು. ನಿನ್ನ ಮಗಳು ಮೆಣಸು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು, ತೆಗೆಯೋಕೆ ಬರಲಿಲ್ಲ. ಅವಳು ಅತ್ತಳು, ಬಾಗಿಲು ಬಡಿದಳು. ನಾನು ಆ ಬಾಗಿಲಿಗೆ ಬೆನ್ನು ಹಾಕಿ ಕೂತು ಹುರುಳಿಕಾಯಿ ನಾರು ತೆಗೀತಿದ್ದೆ. ಮಹಡಿಯ ಮನೆಯಾಕೆ ಇಳಿದು ಬಂದು ನನ್ನ ಭುಜ ಅಲ್ಲಾಡಿಸಿದಾಗಲೇ ಗೊತ್ತಾಗಿದ್ದು. ನಾಲ್ಕು ವರ್ಷದ ಮಗುವಿನ ಮುಖ ಬೀಟ್ರೂಟ್ ಆಗಿತ್ತು. ಆಮೇಲೆ ನೀನು ಬಂದೆ. ನೀನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೆಷಿನ್ ಕಿವಿಯಲ್ಲೇ ಇತ್ತು, ತೆಗೆದಿರಲಿಲ್ಲ, ದೇವರಾಣೆ. ಆದರೆ ಅದು ಈಗ ನನ್ನ ಕಿವಿ ಅಲ್ಲ. ಮೊದಲಿದ್ದ ಅಂಗಡಿಯವನು ನನ್ನನ್ನು ಗಾಜಿನ ಗೂಡಿನಲ್ಲಿ ಕೂರಿಸಿ, ಫ್ಯಾನಿನ ಸದ್ದು ತಗ್ಗಿಸಿ, ಹೆಣ್ಣುಮಕ್ಕಳ ದನಿ ಏರಿಸಿ, ನನ್ನ ಅಳತೆಗೆ ಅಂಗಿ ಹೊಲಿದ ಹಾಗೆ ಕಿವಿ ಹೊಲಿದುಕೊಟ್ಟಿದ್ದ. ಆ ಅಳತೆ ಕಂಪನಿಯ ಕಂಪ್ಯೂಟರಿನಲ್ಲಿ ಇರ್ತದಂತೆ, ವರ್ಷಕ್ಕೊಮ್ಮೆ ನವೀಕರಿಸಬೇಕಂತೆ. ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ನುಂಗಿತು, ಅಂಗಡಿ ಮುಚ್ಚಿತು, ನನ್ನ ಅಳತೆ ಎಲ್ಲೋ ಹೋಯಿತು. ಮೆಷಿನ್ನು ಕಾರ್ಖಾನೆಯಿಂದ ಬಂದ ದಿನದ ಹಾಗಾಗಿದೆ. ಫ್ಯಾನ್ ಹಾಕಿದರೆ ಹಿಟ್ಟಿನ ಗಿರಣಿ, ನಲ್ಲಿ ಬಿಟ್ಟರೆ ಜಲಪಾತ. ಅದರೊಳಗೆ ಮಗುವಿನ ದನಿ ಮುಳುಗಿ ಹೋಗ್ತದೆ.

ಸರಿಮಾಡಿಸ್ತೀನಿ. ಸ್ವಲ್ಪ ಸಮಯ ಕೊಡು.

ಇಂತಿ,
ಮಾವ


ಫೆಬ್ರವರಿ ೮

ಮಾವ,

ನಾನು ಬೈಯಲಿಲ್ಲ ಯಾಕಂದ್ರೆ ದನಿ ಇರಲಿಲ್ಲ. ಅವತ್ತು ಹಬೆ ತಗೊಂಡು ಮಲಗಿದೆ ಅಷ್ಟೇ.

ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮಗ ಲಾರಿ ಹತ್ತಿದರೆ ತಿಂಗಳು ಮುಖ ಕಾಣಲ್ಲ. ನಾನು ಕೆಲಸ ಬಿಡೋ ಹಾಗಿಲ್ಲ. ಮಗು ನಿಮ್ಮ ಹತ್ತಿರ ಇದ್ದರೆ ನನಗೆ ನೆಮ್ಮದಿ ಅನ್ನೋದು ನಿಮಗೂ ಗೊತ್ತು. ಆದರೆ ಈಗ ಹೆಡ್‌ಫೋನ್ ಹಾಕಿ ಕೂತಾಗೆಲ್ಲ ಬಚ್ಚಲ ಬಾಗಿಲೇ ಕಣ್ಣೆದುರು ಬರುತ್ತೆ. ಮೇ ಮುಗಿಯೋವರೆಗೆ ನೋಡೋಣ. ಅಷ್ಟರಲ್ಲಿ ಕಿವಿ ಸರಿಹೋಗದಿದ್ದರೆ ಮೆಣಸನ್ನ ನಮ್ಮಮ್ಮನ ಊರಿಗೆ ಬಿಟ್ಟು ಬರ್ತೀನಿ. ನನಗೂ ಸಂಕಟವೇ.

ಕಂಪನಿಗೆ ಫೋನ್ ಮಾಡಿಸಬೇಡಿ. ಫೋನ್ ಎತ್ತೋರ ಕೈಲಿ ಏನೂ ಇರಲ್ಲ, ನಾನೇ ಎತ್ತೋಳು, ನನ್ನನ್ನ ಕೇಳಿ. ಬರೆದು ಕಳಿಸಿ.

ಹುರುಳಿಕಾಯಿ ಚೆನ್ನಾಗಿತ್ತು.

ನಿಮ್ಮ ಸೊಸೆ


ಮಾರ್ಚ್ ೩

ಮಗಳೇ,

ಇವತ್ತು ಹೊಸ ಕಂಪನಿಯ ಶೋರೂಮಿಗೆ ಹೋಗಿದ್ದೆ. ಮೆಣಸನ್ನೂ ಕರಕೊಂಡು ಹೋದೆ, ಬೈಬೇಡ, ರಸ್ತೆಯುದ್ದಕ್ಕೂ ಕೈ ಬಿಟ್ಟಿಲ್ಲ. ಒಳಗೆ ಎಷ್ಟು ತಣ್ಣಗಿತ್ತೆಂದರೆ ಹೆಣ ಇಡಬಹುದಿತ್ತು. ಮೇಜಿನ ಹಿಂದಿದ್ದ ಹುಡುಗಿ ಒಳ್ಳೆಯವಳೇ. ನನಗೆ ಕೇಳಿಸೋದಿಲ್ಲ ಅಂತ ಗೊತ್ತಾದ ಕೂಡಲೇ ಚೀಟಿಯಲ್ಲಿ ಬರೆದು ತೋರಿಸಿದಳು: ನಿಮ್ಮ ಮಾಡೆಲ್ಲಿಗೆ ಈಗ ಸೇವೆ ಇಲ್ಲ, ಹೊಸದು ಕೊಳ್ಳಿ.

ನಾನು ಹಳೆಯ ಪೆಟ್ಟಿಗೆ ತೋರಿಸಿದೆ. ‘ಲೈಫ್‌ಟೈಮ್ ಸಪೋರ್ಟ್’ ಅಂತ ಚಿನ್ನದ ಅಕ್ಷರ ಇದೆಯಲ್ಲ ತಾಯಿ, ಓದು ಅಂದೆ. ಅವಳು ಬರೆದಳು: ಅದು ಮಾಡೆಲ್ಲಿನ ಲೈಫು, ನಿಮ್ಮದಲ್ಲ. ಅಂದರೆ ಮೆಷಿನ್ನಿಗಿಂತ ಜಾಸ್ತಿ ಬದುಕಿಬಿಟ್ಟದ್ದು ನನ್ನದೇ ತಪ್ಪು. ಬಿ.ಎ. ಎರಡನೇ ವರ್ಷದಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಪೊಸೆಸಿವ್ ಕೇಸ್ ಅಂತ, ಯಾವುದು ಯಾರದ್ದು ಅಂತ ಹೇಳೋ ವ್ಯಾಕರಣ, ಏನೋ ಕಲಿಸಿದ್ದರು. ಆವತ್ತು ಕಿಟಕಿಯಾಚೆ ನೋಡ್ತಾ ಕೂತದ್ದಕ್ಕೆ ಈಗ ಅನುಭವಿಸ್ತಾ ಇದ್ದೀನಿ.

ಬೀದಿ ಕೊನೆಯ ಮೊಬೈಲ್ ರಿಪೇರಿಯವನನ್ನೂ ಕೇಳಿದೆ. ಕೈಮುಗಿದುಬಿಟ್ಟ. ಕಂಪನಿಯ ಪರವಾನಗಿ ಇಲ್ಲದವರು ಇಂಥ ಮೆಷಿನ್ ಮುಟ್ಟಿದರೆ ದಂಡ ಅಂತ ಕಾನೂನು ಬಂದಿದೆಯಂತೆ. ಹಿಂದೆ ಸಂತೆಯಲ್ಲಿ ನಕಲಿ ಮೆಷಿನ್ ಮಾರಿ ಯಾರದೋ ಕಿವಿಯಲ್ಲಿ ರಕ್ತ ಬರಿಸಿದರಲ್ಲ, ಅದಕ್ಕೆ. ಕಾನೂನು ಒಳ್ಳೆಯದೇ. ಕಳ್ಳನಿಗೆ ಅಂತ ಹಾಕಿದ ಬೀಗ. ಆದರೆ ಕೀಲಿಕೈ ಇರೋದು ಅಂಗಡಿ ಮುಚ್ಚಿಕೊಂಡು ಹೋದವನ ಜೇಬಿನಲ್ಲಿ.

ಶೋರೂಮಿನಲ್ಲೇ ಒಬ್ಬ ಟೈಲರ್ ಸಿಕ್ಕಿದ್ದರು, ನನ್ನ ವಾರಿಗೆಯವರು. ಅದೇ ಅಂಗಡಿ, ಅದೇ ಮೆಷಿನ್, ಅದೇ ಗತಿ. ಇಬ್ಬರು ಕಿವುಡರು ಮೆಟ್ಟಿಲ ಮೇಲೆ ನಿಂತು ಮಾತಾಡಿದ್ದನ್ನ ಇಡೀ ಪೇಟೆ ಕೇಳಿತು, ನಮ್ಮಿಬ್ಬರನ್ನು ಬಿಟ್ಟು. ಅವರಿಗೆ ಗಿರಾಕಿ ಹೇಳೋ ಅಳತೆ ಕೇಳಿಸೋದಿಲ್ಲ. ಮೊನ್ನೆ ಒಬ್ಬರ ಪ್ಯಾಂಟು ಮೊಳಕಾಲಿಗೆ ನಿಂತಿತಂತೆ. ನಗ್ತಾನೇ ಹೇಳಿದರು.

ಕಂಪನಿಗೆ ಇಬ್ಬರ ಪರವಾಗಿ ಬರೆದಿದ್ದೀನಿ, ಇಂಗ್ಲಿಷಿನಲ್ಲೇ. ‘ರೆಸ್ಪೆಕ್ಟೆಡ್ ಸರ್, ವಿತ್ ಫೋಲ್ಡೆಡ್ ಹ್ಯಾಂಡ್ಸ್ ಐ ಬೆಗ್ ಟು ಸ್ಟೇಟ್’ ಅಂತ ಶುರು. ನೀರಿನ ಇಲಾಖೆಯ ಉಗ್ರಾಣದಲ್ಲಿ ಪೈಪು ನಲ್ಲಿ ಎಣಿಸಿ ಸವೆದ ಇಂಗ್ಲಿಷು ಅದು, ಆದರೂ ಬೆನ್ನು ನೆಟ್ಟಗಿದೆ.

ಮಾವ


ಮಾರ್ಚ್ ೨೯

ಮಾವ,

ಕಂಪನಿಯ ಉತ್ತರ ಓದಿದೆ. ‘ನಿಮಗಾದ ಅನಾನುಕೂಲಕ್ಕೆ ವಿಷಾದಿಸಲಾಗಿದೆ, ನಿಮ್ಮ ಭಾವನೆಗಳು ನಮಗೆ ಮುಖ್ಯ.’ ಇದನ್ನ ಮೂರು ಸಲ ಓದಿ, ಯಾರು ವಿಷಾದಿಸಿದ್ದು, ಹೆಸರೇ ಇಲ್ಲವಲ್ಲ ಅಂತ ಅಂಚಿನಲ್ಲಿ ಬರೆದಿದ್ದೀರಿ. ಯಾರೂ ವಿಷಾದಿಸಿಲ್ಲ ಮಾವ. ನಮ್ಮ ಪರದೆಯಲ್ಲೂ ಈ ವಾಕ್ಯ ಇದೆ. ಒಂದು ಗುಂಡಿ ಒತ್ತಿದರೆ ಬರುತ್ತೆ, ನಾವು ಓದ್ತೀವಿ. ದನಿಯಲ್ಲಿ ಕನಿಕರ ಇದೆಯಾ ಅಂತ ಅಳೆಯೋಕೆ ಇನ್ನೊಬ್ಬರು ಕದ್ದು ಕೇಳ್ತಿರ್ತಾರೆ.

ಕಳೆದ ವಾರ ಒಬ್ಬ ಅಜ್ಜಿ ಫೋನ್ ಮಾಡಿದ್ದರು. ಫ್ರಿಜ್ಜಿನಲ್ಲಿ ಇನ್ಸುಲಿನ್ ಇಡಬೇಕು, ಮೆಕ್ಯಾನಿಕ್ ಯಾವಾಗ ಬರ್ತಾನೆ ಅಂತ. ಎರಡು ದಿನದಲ್ಲಿ ಅನ್ನಬೇಕು, ಅದು ನಿಯಮ. ನಾನು ಹೇಳಿಬಿಟ್ಟೆ, ಅಜ್ಜಿ, ಆ ಭಾಗ ಗೋದಾಮಿನಲ್ಲೇ ಇಲ್ಲ, ಕಾಯಬೇಡಿ, ಪಕ್ಕದ ಮನೆಯಲ್ಲಿ ಇಡಿ ಅಂತ. ಕದ್ದು ಕೇಳೋರು ಕೇಳಿದರು. ನನ್ನನ್ನ ಕರೆಸಿ ಕೂರಿಸಿದರು. ಇನ್ನೊಂದು ಸಲ ಹೀಗಾದರೆ ಬರಬೇಡ ಅಂದರು.

ಇದನ್ನ ನಿಮ್ಮ ಮಗನಿಗೆ ಹೇಳಿಲ್ಲ. ನೀವೂ ಹೇಳಬೇಡಿ.

ಗ್ರಾಹಕರ ದೂರಿನ ಕಚೇರಿಗೆ ಬರೆಯಿರಿ. ಒಬ್ಬರೇ ಬೇಡ, ಎಷ್ಟು ಜನ ಸಿಗ್ತಾರೋ ಸೇರಿಸಿ. ಒಬ್ಬರಾದರೆ ಗುಂಡಿ ಒತ್ತುತ್ತಾರೆ.

ಸೊಸೆ


ಏಪ್ರಿಲ್ ೨೪

ಮಗಳೇ,

ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ದೂರು ದಾಖಲಾಯಿತು. ಟೈಲರ್ ಊರೆಲ್ಲ ಸುತ್ತಿ ಒಂದು ಬೆಂಚು ತುಂಬುವಷ್ಟು ಕಿವುಡರನ್ನು ಹಿಡಿದು ತಂದರು. ಜೂನ್ ಕೊನೆಗೆ ವಿಚಾರಣೆ. ಎಲ್ಲರದೂ ನನ್ನ ಅಕ್ಷರ. ‘ನಿಮ್ಮ ಇಂಗ್ಲಿಷ್ ಕೇಳೋಕೆ ಆಗಲ್ಲ ಸ್ವಾಮಿ, ಆದರೆ ನೋಡೋಕೆ ಚೆಂದ’ ಅಂದರು ಟೈಲರ್. ಅದನ್ನೂ ಚೀಟಿಯಲ್ಲೇ ಬರೆದು ತೋರಿಸಿದರು. ಕಂಪನಿ ಅಳತೆಯ ಕೀಲಿಯನ್ನು ಬೇರೆ ರಿಪೇರಿಯವರಿಗೂ ಕೊಡಬೇಕು, ಇದೊಂದೇ ನಮ್ಮ ಕೋರಿಕೆ.

ಇನ್ನೊಂದು ವಿಷಯ. ಇವತ್ತು ಮಧ್ಯಾಹ್ನ ಕಂಪನಿಯವನೊಬ್ಬ ಮನೆಗೇ ಬಂದಿದ್ದ. ಇಸ್ತ್ರಿ ಅಂಗಿ, ಬಾಯಿ ತುಂಬ ಅಂಕಲ್ ಅಂಕಲ್. ಮೆಣಸಿಗೆ ಬಲೂನು ತಂದಿದ್ದ. ಒಂದು ಕಾಗದ ಕೊಟ್ಟು ಹೋದ, ಓದು, ಇದರ ಜೊತೆ ಇಟ್ಟಿದ್ದೀನಿ. ನನ್ನ ಮೆಷಿನ್ನಿಗೆ ಮಾತ್ರ ಮತ್ತೆ ಅಳತೆ ಹೊಂದಿಸಿಕೊಡ್ತಾರಂತೆ. ಗುಡ್‌ವಿಲ್ ಅಂತೆ. ನಾನು ದೂರು ಹಿಂತೆಗೆದುಕೊಳ್ಳಬೇಕು, ಯಾರಿಗೂ ಹೇಳಕೂಡದು. ಹೇಳಿದರೆ ಸವಲತ್ತು ವಾಪಸ್.

ಉಳಿದವರಿಗೆ ಅಂತ ಕೇಳಿದೆ. ಅವನು ಬಲೂನ್ ಕಟ್ಟುವುದರಲ್ಲಿ ಮಗ್ನನಾಗಿಬಿಟ್ಟ.

ಬರೆಯೋನು ನಾನು. ನಾನು ಕೈಬಿಟ್ಟರೆ ಉಳಿದವರು ಬಾಯಿಲ್ಲದವರಾಗ್ತಾರೆ ಅಂತ ಅವನಿಗೆ ಗೊತ್ತು. ಬೇಡ ಅಂತ ಹೇಳಿಬಿಡಲಾ?

ಮಾವ


ಏಪ್ರಿಲ್ ೨೫

ಮಾವ,

ಸಹಿ ಹಾಕಿ.

ನಮ್ಮಲ್ಲಿ ಇದಕ್ಕೆ ದೂರು ಮುಚ್ಚೋದು ಅಂತಾರೆ. ಗಟ್ಟಿಯಾಗಿ ಮಾತಾಡೋನ ಬಾಯಿಗೆ ಮೊದಲು ಬೆಣ್ಣೆ. ನನಗೆ ಎಲ್ಲಾ ಗೊತ್ತು, ಗೊತ್ತಿದ್ದೇ ಹೇಳ್ತಿದ್ದೀನಿ. ಮೇ ಹತ್ತಿರ ಬಂತು. ನಿನ್ನೆ ನಮ್ಮಮ್ಮ ಮೆಣಸಿಗೆ ಮಂಚ ಸರಿಮಾಡಿಸಿದೆ ಅಂದರು.

ಜೂನ್‌ವರೆಗೆ ಕಾಯೋ ಶಕ್ತಿ ನನಗಿಲ್ಲ. ಊರಿನ ಕಿವಿ ಆಮೇಲೆ ನೋಡೋಣ.

ಸೊಸೆ


ಮೇ ೧೪

ಮಗಳೇ,

ಮೊನ್ನೆ ಸಹಿ ಹಾಕಿ ಬಂದೆ. ಗಾಜಿನ ಗೂಡಿನಲ್ಲಿ ಅರ್ಧ ಗಂಟೆ ಕೂರಿಸಿದರು, ಅಷ್ಟೇ ಕೆಲಸ. ಇಷ್ಟು ತಿಂಗಳು ಆಗೋದೇ ಇಲ್ಲ ಅಂದಿದ್ದ ಕೆಲಸ.

ಹೊರಗೆ ಬಂದಾಗ ಮೊದಲು ಕೇಳಿಸಿದ್ದು ನನ್ನ ಚಪ್ಪಲಿ. ಇಷ್ಟು ಎಳೆದುಕೊಂಡು ನಡೀತೀನಾ ನಾನು? ನಿನ್ನ ಅತ್ತೆ ಬದುಕಿದ್ದಾಗ ‘ಕಾಲೆತ್ತಿ ನಡೀರಿ’ ಅಂತ ದಿನಾ ಅಂತಿದ್ದಳು. ನಾನು ಅವಳನ್ನ ಜಗಳಗಂಟಿ ಅಂದುಕೊಂಡಿದ್ದೆ.

ಮೆಣಸು ಮಾತಾಡೋದು ಎಷ್ಟು! ಅವಳ ಬೊಂಬೆಗೆ ಜ್ವರವಂತೆ, ಬಕೆಟ್ಟಿಗೆ ಹಸಿವಂತೆ, ತಾತನಿಗೆ ಹೊಸ ಕಿವಿ ಮೊಳೆತಿದೆಯಂತೆ. ಒಂದಕ್ಕೂ ತಲೆಬುಡ ಇಲ್ಲ. ಬೆಳಗಿಂದ ಸಂಜೆವರೆಗೆ ಕೇಳಿ ಕೇಳಿ ನನಗೇ ಸುಸ್ತಾಯಿತು. ಬಚ್ಚಲ ಚಿಲಕ ಬಿಚ್ಚಿಸಿ ಹಾಕಿದೆ, ಯಾವುದಕ್ಕೂ ಇರಲಿ.

ನಿನ್ನ ದನಿಯೂ ಕೇಳಿಸಿತು. ಮದುವೆಯಾಗಿ ಬಂದಾಗ ನೀನು ಪಾತ್ರೆ ತೊಳೀತಾ ಹಾಡ್ತಿದ್ದೆ, ನನಗೆ ನೆನಪಿದ್ದದ್ದು ಆ ದನಿ. ಈಗಿನದು ಉಪ್ಪುಕಾಗದ ಉಜ್ಜಿದ ಹಾಗಿದೆ. ಡಾಕ್ಟರಿಗೆ ತೋರಿಸು. ನಿನ್ನೆ ಅಡುಗೆಮನೆಯಲ್ಲಿ ನಿಂತು ನನ್ನ ಮಗನ ಜೊತೆ ಫೋನಿನಲ್ಲಿ ಮಾತಾಡ್ತಿದ್ದೆಯಲ್ಲ, ಒಂದೆರಡು ಮಾತು ಕಿವಿಗೆ ಬಿತ್ತು. ಆಮೇಲೆ ಮೆಷಿನ್ ತೆಗೆದಿಟ್ಟೆ. ಉಳಿದದ್ದು ಕೇಳಿಸಿಕೊಂಡಿಲ್ಲ.

ನಿನ್ನ ಅಮ್ಮನಿಗೆ ಮಂಚ ಒಳಗೆ ಎತ್ತಿಡೋಕೆ ಹೇಳು.

ಮಾವ


ಜೂನ್ ೧೭

ಮಗಳೇ,

ಇದನ್ನು ಬಾಯಲ್ಲಿ ಹೇಳಬಹುದಿತ್ತು, ಈಗ ಕೇಳಿಸ್ತದಲ್ಲ. ಆದರೆ ಕಣ್ಣಿಗೆ ಕಣ್ಣು ಕೊಟ್ಟು ಹೇಳೋಕೆ ಆಗ್ತಿಲ್ಲ.

ಟೈಲರ್ ಬಂದಿದ್ದರು. ದೂರದಿಂದಲೇ ಅವರ ದನಿ ಕೇಳಿ ಮೆಷಿನ್ ತೆಗೆದು ಜೇಬಿಗೆ ಹಾಕೋಕೆ ಹೋದೆ. ಹೊತ್ತು ಸಾಲಲಿಲ್ಲ, ಅದು ಕಿವಿಯಲ್ಲೇ ಉಳಿಯಿತು, ಮೇಲೆ ಟವೆಲ್ ಸುತ್ತಿಕೊಂಡೆ. ಅವರು ಬಾಗಿಲಲ್ಲೇ ನಿಂತು ಕೂಗಿದರು. ನಾನು ಕಿವಿ ತೋರಿಸಿ ಕೈಯಾಡಿಸಿದೆ, ಏನೂ ಕೇಳಿಸ್ತಿಲ್ಲ ಅಂತ.

ಎಲ್ಲಾ ಕೇಳಿಸ್ತಿತ್ತು. ‘ಏನ್ ಸ್ವಾಮಿ, ತಿಂಗಳಾಯ್ತು ಮುಖ ತೋರಿಸಿ! ಹುಷಾರಿಲ್ವಾ? ವಿಚಾರಣೆ ಹತ್ತಿರ ಬಂತು, ದೂರು ಓದಿ ಹೇಳೋರು ಯಾರು? ನನಗೆ ಓದೋಕೆ ಬರಲ್ಲ ಕಣ್ರೀ ಆ ಇಂಗ್ಲಿಷು!’ ಅಂತ. ಆಮೇಲೆ ದನಿ ತಗ್ಗಿಸಿ, ತಮಗೆ ತಾವೇ ಅನ್ನೋ ಹಾಗೆ, ಅಂಗಡಿಯ ಅರ್ಧ ಭಾಗ ಬಿಟ್ಟುಕೊಟ್ಟೆ, ಹೆಂಡತಿಗೆ ಇನ್ನೂ ಹೇಳಿಲ್ಲ ಅಂದರು. ನಾನು ಕಿವುಡ ಅಂದುಕೊಂಡೇ ಅಂದರು.

ಅಷ್ಟರಲ್ಲಿ ನನ್ನ ಬೆನ್ನ ಹಿಂದೆ, ಟೈಲರಿಗೆ ಕಾಣೋ ಹಾಗೆ ಬಂದು ನಿಂತು, ಮೆಣಸು ತಾತಾ ಅಂತ ಕರೆದಳು. ನಾನು ತಿರುಗಿದೆ. ತಿರುಗಿಬಿಟ್ಟೆ, ಏನು ಮಾಡಲಿ, ಅದಕ್ಕೇ ಅಲ್ಲವೇ ಸಹಿ ಹಾಕಿದ್ದು. ಟೈಲರ್ ನೋಡಿದರು. ನನ್ನ ಟವೆಲ್ ನೋಡಿದರು. ‘ಓಹೋ, ಸ್ವಾಮಿಗಳು ದಡ ಸೇರಿದ್ದಾರೆ. ನಾವಿನ್ನೂ ನೀರಲ್ಲೇ ಇದ್ದೀವಿ. ಸೀರೆ ಅಂಚು ಕದಿಯೋ ಟೈಲರಿಗೂ ಒಂದು ನಾಚಿಕೆ ಇರ್ತದೆ’ ಅಂದು ಮೆಟ್ಟಿಲಿಳಿದು ಹೋದರು.

ಉಗ್ರಾಣದಲ್ಲಿ ಇಷ್ಟು ವರ್ಷ ಇದ್ದೆ. ಒಂದು ತಿರುಪನ್ನೂ ಮನೆಗೆ ತರಲಿಲ್ಲ. ಈಗ ಕಿವಿಯಲ್ಲಿರೋದು ಕದ್ದ ಮಾಲು ಅನಿಸ್ತದೆ.

ವಿಚಾರಣೆಗೆ ಹೋಗಿ ಅವರ ದೂರು ಓದಬೇಕು ಅಂತಿದೆ. ನನ್ನದು ಹಿಂತೆಗೆದುಕೊಂಡಿದ್ದೀನಿ, ಆದರೆ ಅವರದು ಇದೆಯಲ್ಲ. ಹೋದರೆ ಕಂಪನಿ ನನ್ನ ಅಳತೆ ಕಿತ್ತುಕೊಳ್ಳುತ್ತದೆ. ಆಮೇಲೆ ಮೆಣಸು ನಿನ್ನ ಅಮ್ಮನ ಊರಿಗೆ. ಕಿವಿ ನನ್ನದಾದರೂ ಮಗು ನಿನ್ನದು. ನೀನು ಬೇಡ ಅಂದರೆ ಇಲ್ಲೇ ಕೂತಿರ್ತೀನಿ, ಮತ್ತೆ ಈ ಮಾತು ಎತ್ತೋದಿಲ್ಲ.

ಮಾವ


ಜೂನ್ ೨೨

ಮಾವ,

ನಾಲ್ಕು ದಿನ ಉತ್ತರ ಬರೆಯಲಿಲ್ಲ. ಮೊದಲ ದಿನ ಸಿಟ್ಟಿತ್ತು. ಎಲ್ಲಾ ಭಾರ ನನ್ನ ತಲೆಗೇ ಕಟ್ಟಿ, ನೀನು ಹೇಳಿದ ಹಾಗೆ ಅಂತ ಕೈಕಟ್ಟಿ ಕೂರ್ತಾರಲ್ಲ ಅಂತ. ಸಹಿ ಹಾಕಿ ಅಂದದ್ದೂ ನಾನೇ, ಈಗ ಹೋಗಿ ಅನ್ನೋದೂ ನಾನೇ ಆಗಬೇಕಾ?

ಆಮೇಲೆ ವಿಚಾರಿಸಿದೆ. ನಮ್ಮ ಆಫೀಸಿನ ಹಿಂದಿನ ಬೀದಿಯಲ್ಲಿ ಒಬ್ಬಾಕೆ ಮಕ್ಕಳನ್ನ ನೋಡಿಕೊಳ್ತಾರೆ. ಜಾಗ ಇಕ್ಕಟ್ಟು, ಆದರೆ ಶುಚಿಯಾಗಿದೆ. ಹಗಲು ಅಲ್ಲಿ, ಸಂಜೆ ನಿಮ್ಮ ಹತ್ತಿರ. ಊರಿಗೆ ಕಳಿಸಲ್ಲ. ಇದನ್ನ ಫೆಬ್ರವರಿಯಲ್ಲೇ ಹುಡುಕಬಹುದಿತ್ತು. ಆಗ ತಲೆ ಓಡಲಿಲ್ಲ. ನಿಮ್ಮ ಮೇಲೆ ಕೋಪವೂ ಇತ್ತು, ಈಗ ಒಪ್ಪಿಕೊಳ್ತೀನಿ.

ಹಗಲೆಲ್ಲ ಮನೆ ಖಾಲಿ ಅನಿಸುತ್ತೆ ನಿಮಗೆ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಹೋಗಿ ಬನ್ನಿ. ಕಿವಿ ಹಾಕಿಕೊಂಡೇ ಹೋಗಿ. ಅವರು ಏನೇನು ಅಂತಾರೋ ಒಂದಕ್ಷರ ಬಿಡದೆ ಕೇಳಿಸಿಕೊಂಡು ಬನ್ನಿ. ನೀಲಿ ಅಂಗಿ ಇಸ್ತ್ರಿ ಮಾಡಿಟ್ಟಿದ್ದೀನಿ.

ಸೊಸೆ


ಜುಲೈ ೨

ಮಗಳೇ,

ನೀನು ಕೇಳಿದ ಹಾಗೆ ಒಂದಕ್ಷರ ಬಿಟ್ಟಿಲ್ಲ.

ಸಣ್ಣ ಕೋಣೆ, ಮೇಲೆ ಫ್ಯಾನು. ನಮ್ಮವರಿಗೆಲ್ಲ ಅದು ಗಿರಣಿ. ಅಧಿಕಾರಿ ಹೆಣ್ಣುಮಗಳು, ತಗ್ಗಿದ ದನಿ, ಬೆಂಚಿನಲ್ಲಿ ಒಬ್ಬರಿಗೂ ಒಂದು ಮಾತೂ ತಲುಪಲಿಲ್ಲ. ತಮ್ಮದೇ ಮೊಕದ್ದಮೆಯಲ್ಲಿ ಶವಯಾತ್ರೆಗೆ ಬಂದವರ ಹಾಗೆ ಕೂತಿದ್ದರು. ನಾನು ಎದ್ದು ನಿಂತು ಓದಿದೆ. ಕಂಪನಿಯ ವಕೀಲ ಹೇಳಿದ, ಈ ಮನುಷ್ಯನ ದೂರು ಮುಗಿದಿದೆ, ಇವರಿಗೆ ಚೆನ್ನಾಗಿ ಕೇಳಿಸ್ತದೆ. ಹೌದು ಮೇಡಂ, ಕೇಳಿಸ್ತದೆ ಅಂದೆ. ಅರ್ಧ ಗಂಟೆಯಲ್ಲಿ ಸರಿಯಾಯಿತು. ಇವರಿಗೂ ಅರ್ಧ ಗಂಟೆ ಸಾಕು, ಅದನ್ನು ಹೇಳೋಕೇ ಬಂದೆ ಅಂದೆ. ಆಕೆ ತಲೆಯೆತ್ತಿ ವಕೀಲನನ್ನು ನೋಡಿ, ‘ಹಾಗಾದರೆ ಸೇವೆ ಇಲ್ಲ ಅಂತ ಯಾಕೆ ಬರೆದುಕೊಟ್ಟಿರಿ?’ ಅಂತ ಕೇಳಿದರು.

ತೀರ್ಪು ಆಮೇಲೆ ಅಂಚೆಯಲ್ಲಿ ಬರ್ತದಂತೆ. ಬರ್ತದೋ, ಯಾವಾಗಲೋ, ಏನು ಬರ್ತದೋ. ಈ ವಯಸ್ಸಿನಲ್ಲಿ ಆಸೆ ಇಟ್ಟುಕೊಳ್ಳೋದೂ ಒಂದು ಕೂಲಿ ಕೆಲಸ.

ಇಳಿಯುವಾಗ ಟೈಲರ್ ಮುಂದೆ ಮುಂದೆ ಹೋದರು. ಕೊನೆಯ ಮೆಟ್ಟಿಲಲ್ಲಿ ನಿಂತರು, ಮೊಣಕಾಲು ನೋವು. ‘ಮೊನ್ನೆ ಬಾಗಿಲಲ್ಲಿ ನಾನು ಬೈದದ್ದು ಕೇಳಿಸಿತಾ?’ ಅಂತ ಕೂಗಿದರು. ನಾನು ತಲೆಯಾಡಿಸಿದೆ. ‘ಒಳ್ಳೇದಾಯ್ತು, ಮತ್ತೆ ಬೈಯೋ ಶ್ರಮ ತಪ್ಪಿತು’ ಅಂದರು. ಕ್ಷಮಿಸಿದರು ಅಂತ ನಾನು ಹೇಳೋದಿಲ್ಲ. ಆದರೆ ಹೋಗುವಾಗ ಬಸ್ಸಿನಲ್ಲಿ ನಾನು ಕೂರದ ಹಾಗೆ ಪಕ್ಕದ ಸೀಟಿನ ಮೇಲೆ ಕೈಚೀಲ ಇಟ್ಟುಕೊಂಡು ಬಂದಿದ್ದವರು, ವಾಪಸ್ ಬರುವಾಗ ಅದನ್ನು ತೊಡೆಗೆ ಎತ್ತಿಕೊಂಡರು.

ಇವತ್ತು ಕಂಪನಿಯ ಕಾಗದ ಬಂತು. ಷರತ್ತು ಮುರಿದದ್ದರಿಂದ ಈ ತಿಂಗಳ ಕೊನೆಗೆ ನನ್ನ ಅಳತೆ ರದ್ದಂತೆ. ‘ವಿಷಾದಿಸಲಾಗಿದೆ’ ಇದರಲ್ಲೂ ಇದೆ.

ಮೆಣಸನ್ನು ಆಕೆಯ ಮನೆಗೆ ಸೋಮವಾರದಿಂದ ಕಳಿಸು. ನಾನೇ ಬಿಟ್ಟು ಬರ್ತೀನಿ. ಅವಳಿಗೆ ಹೇಳಿದೆ. ಅಲ್ಲಿ ಬಕೆಟ್ ಇದೆಯಾ ಅಂತ ಕೇಳಿದಳು.

ಇನ್ನು ನಿನ್ನ ವಿಷಯ. ಆವತ್ತು ಫೋನಿನಲ್ಲಿ ನನ್ನ ಮಗನಿಗೆ ಹೇಳ್ತಿದ್ದೆಯಲ್ಲ, ಕೇಳಿಸಿಕೊಂಡಿಲ್ಲ ಅಂತ ಬರೆದದ್ದು ಸುಳ್ಳು. ಪೂರ್ತಿ ಕೇಳಿಸಿಕೊಂಡೆ, ಮಗುವಿನ ಜೊತೆ ನನ್ನನ್ನೂ ಒಬ್ಬಳೇ ನೋಡಿಕೊಂಡು ಸಾಕಾಗಿದೆ ಅಂದದ್ದನ್ನ. ಅದರಲ್ಲಿ ತಪ್ಪೇನೂ ಇಲ್ಲ, ನಿನ್ನ ಜಾಗದಲ್ಲಿ ಯಾರಿದ್ದರೂ ಅಷ್ಟೇ ಅಂತಿದ್ದರು. ಆದರೆ ಅವನಿಗೆ ಹೇಳಿ ಏನು ಉಪಯೋಗ, ಅವನು ದಾರಿಯಲ್ಲಿರ್ತಾನೆ. ಮನೆಯಲ್ಲಿರೋದು ನಾನು.

ಈ ಕಾಗದಕ್ಕೆ ಉತ್ತರ ಬರೀಬೇಡ. ಚಹಾಕ್ಕೆ ನೀರಿಟ್ಟಿದ್ದೀನಿ, ಫ್ಯಾನ್ ಆರಿಸಿದ್ದೀನಿ. ತಿಂಗಳ ಕೊನೆಯವರೆಗೆ ಕಿವಿ ನನ್ನದೇ. ಬಾಯಲ್ಲಿ ಹೇಳೋದು ಏನಿದ್ದರೂ ಅಷ್ಟರೊಳಗೆ ಹೇಳಿಬಿಡು. ಬೈಗುಳವಾದರೂ ಸರಿ. ಗಟ್ಟಿಯಾಗಿ ಹೇಳಬೇಕಾಗಿಲ್ಲ.

ಮಾವ